ನಕ್ಷೆಗೆ ಅಡ್ಡ ನಿಂತವಳು

ಭಾನುವಾರ, ಬೆಳಗ್ಗೆ ಒಂಬತ್ತೂವರೆ
ಸ್ಟುಡಿಯೋದ ಮೇಕಪ್ ಕೋಣೆಯಿಂದ

ಪ್ರೀತಿಯ ಅಕ್ಕನಿಗೆ,

ಮೂರು ವರ್ಷದಿಂದ ನೀನು ನನ್ನ ಜೊತೆ ಮಾತು ಬಿಟ್ಟಿದ್ದೀಯ. ಹೇಗಿದ್ದೀಯ ಎಂದು ಕೇಳುವ ಹಕ್ಕು ನನಗಿದೆಯೋ ಇಲ್ಲವೋ ತಿಳಿಯದು. ಆದರೂ ಕೇಳುತ್ತೇನೆ, ಹೇಗಿದ್ದೀಯ ಅಕ್ಕ? ಎಲ್ಲಿದ್ದೀಯ? ನಿನ್ನೆ ಸಂಜೆಯಿಂದ ನಿಮ್ಮ ಊರಿಗೆ ಒಂದು ಫೋನೂ ಹೋಗುತ್ತಿಲ್ಲ. ಕೆಳಬೀದಿಯಲ್ಲಿ ಕಿಟಕಿಯ ಮಟ್ಟಕ್ಕೆ ನೀರು ನಿಂತಿದೆ ಎಂಬ ಸುದ್ದಿಯನ್ನು ಇಂದು ಬೆಳಗ್ಗೆ ಟಿ.ವಿ.ಯಲ್ಲಿ ನಾನೇ ಓದಿದೆ. ಓದುವಾಗ ಧ್ವನಿ ನಡುಗಲಿಲ್ಲ. ಅದೊಂದು ಅಭ್ಯಾಸವಾಗಿಬಿಟ್ಟಿದೆ.

ನಮ್ಮ ಕ್ಯಾಮೆರಾದವನು ಹನ್ನೊಂದಕ್ಕೆ ಗಾಡಿ ತೆಗೆದುಕೊಂಡು ನಿಮ್ಮ ಕಡೆ ಹೊರಡುತ್ತಿದ್ದಾನೆ. ಗುಡ್ಡದ ಮೇಲಿನ ಶಾಲೆಯಲ್ಲಿ ಜನರನ್ನು ಇರಿಸಿದ್ದಾರಂತೆ. ಈ ಪತ್ರ ಅವನ ಕೈಯಲ್ಲಿ ಬರುತ್ತದೆ. ನೀನು ಅಲ್ಲಿದ್ದರೆ ಕೊಡು, ಇಲ್ಲದಿದ್ದರೆ ವಾಪಸು ತಾ ಎಂದು ಹೇಳಿದ್ದೇನೆ. ವಾಪಸು ತರುವ ಮಾತು ಹೇಳುವಾಗ ಅವನ ಮುಖ ನೋಡಲಾಗಲಿಲ್ಲ.

ಒಂದು ವಿಷಯವನ್ನು ನಿನಗೆ ಮೂರು ವರ್ಷದ ಹಿಂದೆಯೇ ಹೇಳಬೇಕಿತ್ತು. ಸುತ್ತಿ ಬಳಸಿ ಬರೆದರೆ ಮತ್ತೆ ಧೈರ್ಯ ಹೋಗುತ್ತದೆ, ಅದಕ್ಕೆ ನೇರವಾಗಿಯೇ ಬರೆಯುತ್ತೇನೆ. ಕೆಳಬೀದಿಯ ಮನೆಗೆ ನೀರು ನುಗ್ಗಿ ಅಪ್ಪ ಹೋದ ದಿನ ಹವಾಮಾನದ ಲೆಕ್ಕವೇನೂ ತಪ್ಪಿರಲಿಲ್ಲ. ಗಾಳಿ ಕೊನೇ ಗಳಿಗೆಯಲ್ಲಿ ದಿಕ್ಕು ಬದಲಿಸಿತು, ಯಾರಿಗೂ ಗೊತ್ತಾಗಲಿಲ್ಲ ಎಂದು ನಾನು ನಿನ್ನ ಭುಜ ಹಿಡಿದು ಅತ್ತೆನಲ್ಲ, ಅದು ಸುಳ್ಳು. ಬೆಳಗ್ಗೆ ಹತ್ತಕ್ಕೇ ನಮ್ಮ ನಕ್ಷೆಯಲ್ಲಿ ಕೆಳಬೀದಿ ಕೆಂಪಾಗಿತ್ತು. ಕೆಂಪು ಎಂದರೆ ಮನೆ ಬಿಟ್ಟು ಹೊರಡಿ ಎಂದು, ನಿನಗೆ ಗೊತ್ತಲ್ಲ. ಆ ಕೆಂಪು ಅಪ್ಪನಿಗೆ ಕಾಣಲಿಲ್ಲ. ನಾನು ಅದರ ಮುಂದೆ ನಿಂತಿದ್ದೆ.

ನೀನೊಮ್ಮೆ ಸ್ಟುಡಿಯೋಗೆ ಬಂದಾಗ ನೋಡಿದ್ದೀಯ, ನಮ್ಮ ಹಿಂದೆ ನಕ್ಷೆ ಇರುವುದಿಲ್ಲ. ಬರೀ ಹಸಿರು ಗೋಡೆ. ನಕ್ಷೆ ಕಾಣುವುದು ಪಕ್ಕದ ಮಾನಿಟರ್‌ನಲ್ಲಿ. ಅದನ್ನು ಓರೆಗಣ್ಣಲ್ಲಿ ನೋಡುತ್ತಾ ಖಾಲಿ ಗೋಡೆಗೆ ಕೈ ಚಾಚಿ ಇಲ್ಲಿ ಸಮುದ್ರ, ಇಲ್ಲಿ ಮಳೆ ಎನ್ನಬೇಕು. ಹೊಸದರಲ್ಲಿ ನಾನು ಸಮುದ್ರಕ್ಕೆ ಕೈ ತೋರಿಸಿ ಬೆಟ್ಟ ಎಂದಿದ್ದಕ್ಕೆ ನೀನು ನಿನ್ನ ಆಸ್ಪತ್ರೆಯ ನರ್ಸುಗಳಿಗೆಲ್ಲ ಹೇಳಿಕೊಂಡು ವಾರವಿಡೀ ನಕ್ಕಿದ್ದೆ. ಚಿಕ್ಕವಳಿದ್ದಾಗಲೂ ಅಷ್ಟೇ, ಅಪ್ಪ ಟಿ.ವಿ. ನೋಡುವಾಗ ನಾನು ಸರಿಯಾಗಿ ಮುಂದೆ ಹೋಗಿ ನಿಲ್ಲುತ್ತಿದ್ದೆ, ನೀನು ಕಂಬ ಕಂಬ ಎಂದು ಜಡೆ ಹಿಡಿದು ಎಳೆಯುತ್ತಿದ್ದೆ. ಆ ಹೆಸರಿನಿಂದ ನಿನ್ನ ಹೊರತು ಯಾರೂ ನನ್ನನ್ನು ಕರೆದವರಿಲ್ಲ. ಈಗ ಕರೆಯುವವರೇ ಇಲ್ಲ.

ಆ ದಿನ ಬೆಳಗ್ಗೆ ಐದರಿಂದ ನಿಂತೇ ಇದ್ದೆ. ಸೊಂಟ ಬಿದ್ದುಹೋಗಿತ್ತು. ಹತ್ತರ ಹೊತ್ತಿಗೆ ಸುಸ್ತಾಗಿ ಎಡಕ್ಕೆ ವಾಲಿ ನಿಂತೆ, ಅಷ್ಟೇ. ಆಮೇಲೆ ರೆಕಾರ್ಡಿಂಗ್ ಹಾಕಿ ನೋಡಿದೆ. ಸರಿಯಾಗಿ ನಲವತ್ತು ನಿಮಿಷ ನನ್ನ ನೀಲಿ ಅಂಗಿಯ ತೋಳು ಹೊಳೆ ಕಡಲು ಸೇರುವ ಬಾಯಿಯ ಮೇಲೆ, ಕೆಳಬೀದಿಯ ಮೇಲೆ ಇತ್ತು. ಬಾಯಲ್ಲಿ ಕೆಳಬೀದಿ ಎಂದು ನಾಲ್ಕು ಸಲ ಹೇಳಿದ್ದೇನೆ. ಹೇಳಿ ಏನು ಬಂತು? ಕಿವಿ ಕೇಳದ ಅಪ್ಪ ಟಿ.ವಿ.ಯ ಸದ್ದು ಬಂದ್ ಮಾಡಿಯೇ ನೋಡುತ್ತಿದ್ದರು. ಬೀದಿಯಲ್ಲಿ ಮೈಕಿನಲ್ಲಿ ಕೂಗಿಕೊಂಡು ಹೋದದ್ದೂ ಅವರಿಗೆ ಕೇಳಿಲ್ಲ.

ಪಕ್ಕದ ಮನೆಯ ಟೈಲರ್ ಅಪ್ಪನನ್ನು ಕರೆದೊಯ್ಯಲು ಹೋಗಿದ್ದರು ಅಕ್ಕ. ಅದೂ ನಿನಗೆ ಗೊತ್ತಿಲ್ಲ. ನೀನು ಆಸ್ಪತ್ರೆಯ ಡ್ಯೂಟಿಯಲ್ಲಿ ಸಿಕ್ಕಿಕೊಂಡಿದ್ದೆ. ಟೈಲರ್ ಕೈ ಹಿಡಿದು ಎಳೆದರೆ ಅಪ್ಪ ಟಿ.ವಿ. ತೋರಿಸಿ, "ನಮ್ಮ ಬೀದಿಗೆ ಏನಿಲ್ಲ ಬಿಡಪ್ಪಾ. ನೋಡು, ನನ್ನ ಮಗಳೇ ಅಲ್ಲಿ ನಿಂತಿದ್ದಾಳೆ" ಅಂದರಂತೆ. ಎಲ್ಲ ಮುಗಿದ ದಿನ ಟೈಲರ್ ನನ್ನನ್ನು ಹಿತ್ತಲಿಗೆ ಕರೆದು ಇದನ್ನು ಹೇಳಿದರು. ಅಕ್ಕನಿಗೆ ಹೇಳಬೇಡಿ ಎಂದು ಅವರ ಕಾಲು ಹಿಡಿಯುವುದೊಂದು ಬಾಕಿ. ಪಾಪ, ಆಯಿತಮ್ಮ ಎಂದರು. ಅದಾದ ಒಂದು ತಿಂಗಳಿಗೆ ನೀನು ಮಾತು ಬಿಟ್ಟೆ. ನನ್ನ ಲೆಕ್ಕ ತಪ್ಪಿತೆಂದು ನಿನಗೆ ಕೋಪ ಎಂದುಕೊಂಡೆ. ಅಷ್ಟರಲ್ಲೇ ಮುಗಿಯಿತಲ್ಲ ಎಂದು ಒಳಗೊಳಗೇ ಸಮಾಧಾನವೂ ಆಯಿತು. ನಾಚಿಕೆಗೆಟ್ಟವಳು ನಾನು.

ಆಮೇಲೆ ಏನು ಮಾಡಿದೆ ಎಂದು ಹೇಳುತ್ತೇನೆ, ಕ್ಷಮಿಸು ಎನ್ನುವುದಕ್ಕಲ್ಲ. ಕೆಲಸ ಬಿಡಲಿಲ್ಲ. ಬಿಟ್ಟರೆ ಇನ್ನೊಬ್ಬರು ಬಂದು ಅದೇ ಜಾಗದಲ್ಲಿ ವಾಲಿ ನಿಲ್ಲುತ್ತಾರೆ ಅನ್ನಿಸಿತು. ಸ್ಟುಡಿಯೋದ ನೆಲದಲ್ಲಿ ನಿಲ್ಲುವ ಜಾಗಕ್ಕೆ ಬಿಳಿ ಟೇಪ್ ಅಂಟಿಸಿರುತ್ತಾರೆ. ಅದನ್ನು ಕಿತ್ತು ಸಮುದ್ರದ ಬದಿಗೆ ಅಂಟಿಸಿದೆ. ನೀರಿನ ಮೇಲೆ ಯಾರ ಮನೆಯೂ ಇಲ್ಲವಲ್ಲ. ಬೀದಿಗಳ ಹೆಸರು ದಪ್ಪಕ್ಷರದಲ್ಲಿ ಪರದೆಯ ಕೆಳಗೆ ಓಡಬೇಕು ಎಂದು ಎರಡು ವರ್ಷ ಕಾಡಿ ಬೇಡಿ ಮಾಡಿಸಿದೆ. ಇಲ್ಲಿ ನನಗೆ ಜಗಳಗಂಟಿ ಎಂಬ ಬಿರುದು ಬಂದಿದೆ. ನಿನ್ನಿಂದ ಕಲಿತದ್ದು.

ನಿನ್ನೆಯ ಬಿರುಗಾಳಿ ನಾಲ್ಕು ದಿನದಿಂದ ಕಡಲಲ್ಲಿ ಸುತ್ತುತ್ತಿತ್ತು. ನಿನ್ನೆ ಬೆಳಗ್ಗೆ ಬಂದು ನೋಡಿದರೆ ನನ್ನ ಟೇಪ್ ಮತ್ತೆ ದಡದ ಬದಿಗೆ ಹೋಗಿತ್ತು. ಸಮುದ್ರದ ಮೇಲಿನ ಆ ಸುಳಿ ಪೂರ್ತಿ ಕಾಣಬೇಕು, ಜನಕ್ಕೆ ಬೇಕಾದ್ದು ಅದೇ ಎಂದು ನಮ್ಮ ಮುಖ್ಯಸ್ಥರ ಅಪ್ಪಣೆ. ನಾನು ಕೂಗಾಡಿದೆ. ನಕ್ಷೆ ಚಿಕ್ಕದು ಮಾಡಿದ್ದೇವೆ, ಯಾವ ಊರೂ ಮುಚ್ಚುವುದಿಲ್ಲ ಎಂದರು. ನಂಬಿದೆ. ಮಧ್ಯಾಹ್ನ ಯಾರೋ ನಕ್ಷೆಯನ್ನು ದೊಡ್ಡದು ಮಾಡಿದ್ದು ನನಗೆ ಗೊತ್ತಾಗಲಿಲ್ಲ. ಎರಡಕ್ಕೆ ಹತ್ತು ನಿಮಿಷವಿರುವಾಗ ಕಿವಿಯಲ್ಲಿ ಪ್ರೊಡ್ಯೂಸರ್ ಧ್ವನಿ. ಯಾರೋ ಹೆಂಗಸು ಫೋನ್ ಮಾಡಿ ಗಲಾಟೆ ಮಾಡುತ್ತಿದ್ದಾರೆ, ನೀನು ಅಡ್ಡ ನಿಂತಿದ್ದೀಯಂತೆ ಎಂದು. ಮಾನಿಟರ್ ನೋಡಿದೆ. ಅದೇ ಹೊಳೆಯ ಬಾಯಿ ಅಕ್ಕ. ಅದೇ ನನ್ನ ತೋಳು.

ಮಾತು ನಿಲ್ಲಿಸಲಿಲ್ಲ. ಹಾಗೇ ಮಾತಾಡುತ್ತಾ ನಡೆದುಕೊಂಡು ಕ್ಯಾಮೆರಾದ ಆಚೆ ಹೋಗಿಬಿಟ್ಟೆ. ಪರದೆಯ ಮೇಲೆ ಬರೀ ನಕ್ಷೆ, ನಾನಿಲ್ಲ. ನೆಲದ ಮೇಲೆ ಕುಳಿತು, ಮೊಣಕಾಲ ಮೇಲೆ ಬೀದಿಗಳ ಪಟ್ಟಿ ಇಟ್ಟುಕೊಂಡು ಒಂದೊಂದೇ ಹೆಸರು ಓದಿದೆ. ಕೆಳಬೀದಿ, ಬಂದರು ರಸ್ತೆ, ಐಸ್ ಫ್ಯಾಕ್ಟರಿ ಓಣಿ. ಮುಗಿದರೆ ಮತ್ತೆ ಮೊದಲಿನಿಂದ.

ಮುಖ್ಯಸ್ಥರು ಓಡಿಬಂದರು. ಜನ ಟಿ.ವಿ. ಹಾಕುವುದು ನಕ್ಷೆ ನೋಡುವುದಕ್ಕಲ್ಲ, ನಿನ್ನ ಮುಖ ನೋಡುವುದಕ್ಕೆ ಎಂದು ಪಿಸುಗುಟ್ಟುತ್ತಲೇ ಬೈದರು. ಜಾಹೀರಾತಿನ ನಡುವೆ ಮೈಕ್ ಮುಚ್ಚಿಕೊಂಡು ಅವರಿಗೆ ಒಂದೇ ಮಾತು ಹೇಳಿದೆ: "ನೀರು ಇಳಿದ ಮೇಲೆ ಮುಖ ತೋರಿಸ್ತೀನಿ ಸರ್." ಐದಕ್ಕೆ ಸಮುದ್ರ ಊರೊಳಗೆ ನುಗ್ಗುವವರೆಗೂ ಮೇಲೇಳಲಿಲ್ಲ. ಕಾಲು ಜೋಮು ಹಿಡಿದು, ಕೊನೆಗೆ ಮೇಕಪ್ ಮಾಡುವವಳು ಬಂದು ಎಬ್ಬಿಸಬೇಕಾಯಿತು.

ಇಂದು ಸಂಜೆ ನನ್ನನ್ನು ವಿಚಾರಿಸಲು ಕರೆದಿದ್ದಾರೆ. ನಾನು ಏನು ಹೇಳಬೇಕೆಂದು ಗಟ್ಟಿ ಮಾಡಿಕೊಂಡಿದ್ದೇನೆ. ಮೂರು ವರ್ಷದ ಹಿಂದಿನ ಆ ನಲವತ್ತು ನಿಮಿಷವನ್ನು ಎಲ್ಲರೆದುರು ಹಾಕಿ ತೋರಿಸುತ್ತೇನೆ. ನನ್ನ ತೋಳಿನ ಮರೆಗೆ ಸಿಕ್ಕ ಮನೆಯಲ್ಲಿ ಯಾರಿದ್ದರು ಎಂದೂ ಹೇಳುತ್ತೇನೆ. ಇನ್ನು ಮುಂದೆ ಕೆಂಪು ಬಂದ ದಿನ ನಕ್ಷೆಯ ಮುಂದೆ ಯಾರೂ ನಿಲ್ಲಬಾರದು, ನಾನಂತೂ ನಿಲ್ಲುವುದಿಲ್ಲ. ಒಪ್ಪಿದರೆ ಸರಿ, ಇಲ್ಲವಾದರೆ ಬೇರೆ ಚಾನೆಲ್‌ನ ಬಾಗಿಲು ತಟ್ಟುತ್ತೇನೆ, ಅಲ್ಲೂ ಇದೇ ಜಗಳ ಮಾಡುತ್ತೇನೆ. ಆದರೆ ಅವರಿಗೆ ತೋರಿಸುವ ಮೊದಲು ನಿನಗೆ ತಿಳಿಯಬೇಕಿತ್ತು. ಊರಿಗೆಲ್ಲ ಗೊತ್ತಾಗಿ ನಿನಗೆ ಕೊನೆಯಲ್ಲಿ ಗೊತ್ತಾಗಬಾರದು.

ಕ್ಷಮಿಸು ಎಂದು ಕೇಳಲು ಬಾಯಿ ಬರುತ್ತಿಲ್ಲ. ಬೈಯಬೇಕಾದರೂ ಒಂದು ಸಾಲು ಬರೆದು ಕ್ಯಾಮೆರಾದವನ ಕೈಯಲ್ಲಿ ಕೊಡು. ನಿನ್ನ ಕೈಬರಹ ಕಂಡರೆ ಸಾಕು.

ನಿನ್ನ ದಾರಿ ನೋಡುತ್ತಿರುವ
ತಂಗಿ

ಇನ್ನೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಇಲ್ಲಿಗೆ ಬರುವ ಫೋನ್ ಎತ್ತುವ ಆಂಟಿ ಒಂದು ಚೀಟಿ ತಂದುಕೊಟ್ಟರು. ನಿನ್ನೆಯ ಗಡಿಬಿಡಿಯಲ್ಲಿ ಅವರ ಮೇಜಿನ ಮೇಲೇ ಉಳಿದಿತ್ತಂತೆ. ಬಹಳ ಒರಟು ಹೆಂಗಸು, ಹೆಸರು ಕೇಳಿದರೂ ಹೇಳಲಿಲ್ಲ ಎಂದು ಗೊಣಗಿದರು. ಚೀಟಿಯಲ್ಲಿ ಎರಡು ಕರೆ ಬರೆದಿದೆ. ಒಂದು ಗಂಟೆ ಐವತ್ತು ನಿಮಿಷ: "ಆ ಕಂಬಕ್ಕೆ ಆಚೆ ಸರಿಯೋಕೆ ಹೇಳಿ. ಮೂರು ವರ್ಷ ಆದ್ರೂ ಬುದ್ಧಿ ಬಂದಿಲ್ಲ ಅವಳಿಗೆ. ನಮ್ಮ ಬೀದಿ ಕಾಣ್ತಿಲ್ಲ." ಎರಡು ಗಂಟೆ ಐದು ನಿಮಿಷ: "ಈಗ ಕಾಣ್ತು. ಹೊರಟೆ ಅಂತ ಹೇಳಿ." ಟೈಲರ್ ನಿನಗೆ ಯಾವತ್ತೋ ಹೇಳಿದ್ದಾರೆ, ಅಲ್ಲವೇ ಅಕ್ಕ? ಗೊತ್ತಿದ್ದೂ ನಾನೇ ಬಾಯಿ ಬಿಡಲಿ ಎಂದು ನೀನು ಮೂರು ವರ್ಷ ಕಾದೆ. ಈ ಪತ್ರವನ್ನು ಹರಿದುಹಾಕಿ ಬೇರೆ ಬರೆಯೋಣ ಎನ್ನಿಸಿತು, ಕೆಳಗೆ ಗಾಡಿ ಹಾರ್ನ್ ಹೊಡೆಯುತ್ತಿದೆ. ನಿನಗೆ ಗೊತ್ತಿರುವುದನ್ನೇ ಬರೆದಿದ್ದೇನೆ, ಆದರೂ ಓದು. ನಾನಾಗಿ ಹೇಳುತ್ತಿರುವುದು ಇದೇ ಮೊದಲು.