ಹಕಾರ ಬಾರದ ಮಂದಬುದ್ಧಿಗಳ ಪರವಾಗಿ

ಮಾನ್ಯ ಶಿಕ್ಷಣಾಧಿಕಾರಿಗಳೇ,

ನಾಲ್ಕನೇ ತರಗತಿ ಮುಗಿಸಿದ ಕೆಂಪಾಜಮ್ಮ ಎಂಬ ಹುಡುಗಿಯ ವರ್ಗಾವಣೆ ಪತ್ರದಲ್ಲಿ ‘ಮಂದಬುದ್ಧಿ’ ಎಂದು ಬರೆಸಿದವರು ತಾವು. ಅದನ್ನು ನೋಡಿ ಮಿಡ್ಲ್ ಸ್ಕೂಲಿನವರು ಅವಳನ್ನು ಬಾಗಿಲಿನಿಂದಲೇ ವಾಪಸು ಕಳಿಸಿದ್ದಾರೆ. ಅದು ತಪ್ಪೆಂದು ತೋರಿಸಿಕೊಟ್ಟ ಮಕ್ಕಳ ಮನೋವೈದ್ಯೆ ಡಾಕ್ಟರ್ ಸುವರ್ಣಮ್ಮನವರು ಶಾಲೆಗೆ ಕಾಲಿಡಬಾರದೆಂದು ಈಗ ಆಜ್ಞೆಯನ್ನೂ ಹೊರಡಿಸಿದ್ದೀರಿ. ಶಾಲೆ ಹುಚ್ಚಾಸ್ಪತ್ರೆಯಲ್ಲ ಎಂಬುದು ತಮ್ಮ ಕಾರಣ. ಒಪ್ಪಿದೆ. ಹುಚ್ಚಾಸ್ಪತ್ರೆಯಲ್ಲಾದರೂ ಪರೀಕ್ಷೆ ಮಾಡಿದ ಮೇಲೆ ರೋಗದ ಹೆಸರು ಬರೆಯುತ್ತಾರೆ.

ತಾವು ಮಾಡಿದ ಪರೀಕ್ಷೆ ನನಗೆ ನೆನಪಿದೆ. ನಾನೇ ಆ ಶಾಲೆಯ ಮೇಷ್ಟ್ರು. ಫೆಬ್ರವರಿಯಲ್ಲಿ ಜೀಪಿನಲ್ಲಿ ಬಂದಿರಿ. ಪಟೇಲರು ಕೆತ್ತಿಸಿಕೊಟ್ಟ ಎಳನೀರು ಕುಡಿದು, ಕೂಲಿಯ ಮಾದೇವಮ್ಮನ ಮಗಳಾದ ಈ ಹುಡುಗಿಯನ್ನು ಎಬ್ಬಿಸಿ ಓದಿಸಿದಿರಿ. ‘ಹಸು ಹಸಿ ಹುಲ್ಲು ತಿನ್ನುತ್ತದೆ’ ಎಂದು ಪುಸ್ತಕದಲ್ಲಿತ್ತು. ಅವಳು ‘ಅಸು ಅಸಿ ಉಲ್ಲು ತಿನ್ನುತ್ತದೆ’ ಎಂದಳು. ಮೂರು ಸಲ ಓದಿಸಿ ಮೂರು ಸಲವೂ ನಕ್ಕಿರಿ. ಆಮೇಲೆ ಅವಳ ವರ್ಗಾವಣೆ ಪತ್ರದಲ್ಲಿ ‘ಮಂದಬುದ್ಧಿ’ ಎಂದು ಬರೆಯಲು ನನಗೆ ಹೇಳಿದಿರಿ. ಬರೆದೆ. ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಈ ಸೀಮೆಯಲ್ಲಿ ಹಸು ಯಾರ ಬಾಯಲ್ಲಿ ಹಸುವಾಗಿ ಉಳಿದಿದೆ, ಸ್ವಾಮಿ? ಪಟೇಲರ ಮಗನೂ ‘ಅಸು’ ಎಂದೇ ಓದಿದ. ಅವನ ಪತ್ರದಲ್ಲಿ ಮಾತ್ರ ‘ಚುರುಕು’ ಎಂದು ಬರೆಸಿದಿರಿ.

ಡಾಕ್ಟರು ಎರಡು ವರ್ಷದಿಂದ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು, ಕುರ್ಚಿ ಹಾಕಿದರೂ ಮಕ್ಕಳ ಜೊತೆ ನೆಲದ ಮೇಲೆ ಕೂರುತ್ತಿದ್ದರು. ದಡ್ಡರೆಂದು ನಾನು ಬಾಗಿಲ ಬಳಿ ಕೂರಿಸಿದ್ದ ಕೂಲಿಯವರ ಮಕ್ಕಳನ್ನು ಮುಂದಕ್ಕೆ ಕರೆಸಿದರು. ಮೊದಲು ಇವರ ಮಾತು ಕೇಳಿ, ಆಮೇಲೆ ಪುಸ್ತಕ ತೆಗೆಯಿರಿ ಎಂದು ನನಗೇ ಪಾಠ ಹೇಳಿದರು. ನನಗೂ ಸಿಟ್ಟು ಬಂದಿತ್ತು. ಆದರೆ ಶಾಲೆ ಬಿಟ್ಟಿದ್ದ ಹನ್ನೊಂದು ಮಕ್ಕಳು ವಾಪಸು ಬಂದರು. ಫೆಬ್ರವರಿಯಲ್ಲಿ ತಾವು ಹೋದ ಮೇಲೆ ಡಾಕ್ಟರು ಕೆಂಪಾಜಮ್ಮನಿಗೆ ಅದೇ ವಾಕ್ಯವನ್ನು ಪುಸ್ತಕ ನೋಡದೆ ಬರೆಯಲು ಹೇಳಿದರು. ಒಂದು ಹಕಾರವೂ ತಪ್ಪಿರಲಿಲ್ಲ. ಮತ್ತೆ ಓದುವಾಗ ಏನಾಗುತ್ತದೆ ಎಂದು ಕೇಳಿದರು.

‘ಬರೆಯೋವಾಗ ಬತ್ತದೆ ಕಣವ್ವ, ಓದೋವಾಗ ಓಡೋಯ್ತದೆ’ ಎಂದಳು.

ಆ ಕಾಗದವನ್ನೇ ತಮಗೆ ಕಳಿಸಿದೆವು. ಉತ್ತರವಾಗಿ ಬಂದದ್ದು ತಮ್ಮ ಆಜ್ಞೆ.

ಈ ತಿಂಗಳು ಮುಗಿಯುವುದರೊಳಗೆ ಆ ಪದ ಹೊಡೆದುಹಾಕಿ ಸಹಿ ಮಾಡಿ. ಡಾಕ್ಟರು ಬರುವುದಕ್ಕೆ ಬಿಡಿ. ತಡವಾದರೆ ಹುಡುಗಿ ಗದ್ದೆ ಕೂಲಿಗೆ ಹೋಗುತ್ತಾಳೆ. ಅವಳವ್ವ ಆಗಲೇ ಸಣ್ಣದೊಂದು ಕುಡುಗೋಲು ತಂದಿಟ್ಟಿದ್ದಾಳೆ. ಆಗುವುದಿಲ್ಲ ಎನ್ನುವುದಾದರೆ ನನ್ನ ಸೇವಾ ಪುಸ್ತಕವನ್ನೂ ತರಿಸಿಕೊಂಡು ಅದೇ ಪದ ಬರೆಯಿರಿ. ನಾನು ಹೊನ್ನೂರಿನವನು. ಇಪ್ಪತ್ತಾರು ವರ್ಷ ಪಾಠ ಹೇಳಿದ ಮೇಲೂ ನಮ್ಮೂರಿನ ಹೆಸರು ನನ್ನ ಬಾಯಲ್ಲಿ ನೆಟ್ಟಗೆ ಬರುವುದಿಲ್ಲ.

ಇಂತಿ,
ತಾವು ಹೇಳಿದ್ದನ್ನು ಬರೆದುಕೊಟ್ಟ ಮಂದಬುದ್ಧಿ,
ಒನ್ನೂರು ಪುಟ್ಟಬಸಪ್ಪ
ಜೂನ್ ೧೯೭೧