ಕೊಟ್ಟಿಗೆಯಲ್ಲಿ ಇಡುತ್ತಿದ್ದ ಎಡೆ

ಶ್ರೀರಂಗಪಟ್ಟಣ
೧೫ ಡಿಸೆಂಬರ್ ೨೦೨೪

ಅಪ್ಪ,

ನಿನ್ನ ಪಾದಕ್ಕೆ ಯಶೋಧರಳ ನಮಸ್ಕಾರ. ಗೌರಿಹಬ್ಬಕ್ಕೇ ಬರೆಯಬೇಕಿದ್ದ ಕಾಗದವನ್ನು ಈಗ ಬರೆಯುತ್ತಿದ್ದೇನೆ, ಬೈಯಬೇಡ. ಫೋನು ಮಾಡಿದರೆ ನಿನಗೊಬ್ಬನಿಗೆ ಬಿಟ್ಟು ನಾಗಮಂಗಲದ ಬೀದಿಗೆಲ್ಲ ಕೇಳುತ್ತದೆ ಎಂದು ತಮ್ಮ ರಂಗಸ್ವಾಮಿ ನಗುತ್ತಾನೆ. ಅವನ ಮನೆಯ ಊಟ ಹಿಡಿಸಿತೇ? ಮಂಡಿನೋವು ಹೇಗಿದೆ? ನಿನ್ನನ್ನು ಒಂದು ಮಾತು ಕೇಳುವುದಿದೆ. ಅದಕ್ಕೆ ಮೊದಲು ನಡೆದದ್ದನ್ನು ಹೇಳುತ್ತೇನೆ.

ಹೋದ ವಾರ ಶಾಲೆಯ ಮಕ್ಕಳಿಗೆ ಸ್ಥಳೀಯ ಇತಿಹಾಸ ತೋರಿಸಲು ಹೊರಟೆವು. ಮೊದಲು ಇಲ್ಲೇ, ಕೋಟೆಯೊಳಗೆ. ಟಿಪ್ಪು ಬಿದ್ದ ಜಾಗದಲ್ಲಿ ಸಣ್ಣದೊಂದು ಕಲ್ಲು. ಕೋಟೆ ಒಡೆದ ಇಂಗ್ಲಿಷರಿಗೆ ಕತ್ತೆತ್ತಿ ನೋಡುವಂಥ ಸ್ಮಾರಕ. "ಗೆದ್ದೋರ್ದು ಯಾಕ್ ಮಿಸ್ ಅಷ್ಟೆತ್ರ?" ಎಂದಳು ಸ್ನೇಹ ಎಂಬ ಹುಡುಗಿ. "ನಮ್ಮೂರಿಗೆ ಬಾ, ಸತ್ತವನಿಗೇ ಪೂಜೆ ನಡೆಯುತ್ತೆ" ಎಂದೆ, ಜಂಬದಿಂದ.

ಬಸ್ಸು ಸಂತೆಬಾಚಹಳ್ಳಿ ದಾಟಿ ನಮ್ಮೂರ ಕೆರೆ ಏರಿಯ ಮೇಲೆ ನಿಂತಿತು. ವೀರಪ್ಪನ ವೀರಗಲ್ಲು ಹಾಗೇ ಇದೆ, ಎಣ್ಣೆ ಕುಡಿದು ಕುಡಿದು ಕಪ್ಪಾಗಿದೆ. ನೀನು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೇಳಿದ್ದನ್ನೇ ಮಕ್ಕಳಿಗೆ ಹೇಳಿದೆ: ಇವನು ನಮ್ಮ ವಂಶದವನು, ಊರ ದನ ಉಳಿಸಲು ಹೋರಾಡಿ ಸತ್ತವನು.

ಜೊತೆಗಿದ್ದ ಪ್ರಮೀಳಾ ಮೇಡಂಗೆ ಶಾಸನ ಓದಲು ಬರುತ್ತದೆ. ಎಣ್ಣೆ ಒರೆಸಿ, ಅಕ್ಷರಕ್ಕೆ ಸೀಮೆಸುಣ್ಣದ ಪುಡಿ ತಿಕ್ಕಿ ಓದಿದವರು ನನ್ನ ಮುಖ ನೋಡಿದರು. "ಯಶೋಧರಾ, ಇವನು ಈ ಊರಿನವನೇ ಅಲ್ಲ. ನಿಮ್ಮೂರಿನವರು ಅವನೂರಿನ ದನ ಹೊಡ್ಕೊಂಡು ಬಂದಿದ್ರು. ಬಿಡಿಸ್ಕೊಳ್ಳೋಕೆ ಬಂದವನನ್ನ ಇಲ್ಲೇ ಕೊಂದಿದ್ದಾರೆ."

ಮಕ್ಕಳೆದುರು ಮಾನ ಹೋಯಿತಲ್ಲ ಎಂದು ನನಗೆ ಸಿಟ್ಟು ಬಂತು. "ಕೊಂದವರೇ ಪೂಜೆ ಮಾಡ್ತಾರಾ?" ಎಂದು ಜಗಳಕ್ಕೇ ನಿಂತೆ. ಹುಲ್ಲಿನ ಹೊರೆ ಇಳಿಸಿ ಕೂತಿದ್ದ ಮೂಲೆಮನೆ ಬೆಟ್ಟಮ್ಮಜ್ಜಿ ನಕ್ಕುಬಿಟ್ಟಳು.

"ಮತ್ತಿನ್ಯಾರವ್ವಾ ಮಾಡ್ತಾರೆ? ಕೊಂದೋರೇ ಎಡೆ ಇಕ್ಬೇಕು. ಇಕ್ದೇ ಓದ್ರೆ ಅವ್ನು ಸುಮ್ಕೆ ಬುಟ್ಟಾನಾ? ಊರ್ಗೆಲ್ಲ ಗೊತ್ತಿರೋದೇಯ. ನಿಮ್ಮಪ್ಪ ನಿಂಗೆ ಏಳ್ನಿಲ್ವಾ?"

ಮಕ್ಕಳು ಬುತ್ತಿ ಬಿಚ್ಚಿ ಉಂಡರು. ನಾನು ನನ್ನ ಬುತ್ತಿ ಬಿಚ್ಚದೆ ಬಸ್ಸು ಹತ್ತಿದೆ. ವಾರವಾಯಿತು, ಪಾಠ ಮಾಡುವಾಗಲೂ ಅಜ್ಜಿಯ ಮಾತೇ ಕಿವಿಯಲ್ಲಿದೆ.

ಚಳಿಗೆ ಸ್ವೆಟರ್ ಕಳಿಸಿದ್ದೇನೆ. ಪೆಟ್ಟಿಗೆಯಲ್ಲಿ ಮಡಿಸಿಡಬೇಡ, ಹಾಕಿಕೊ. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ಮಗಳು,
ಯಶೋಧರಾ

ಕೇಳಬೇಕೆಂದ ಮಾತು: ಪಿತೃಪಕ್ಷದಲ್ಲಿ ಅಜ್ಜ ಅಜ್ಜಿಗೆ ನಡುಮನೆಯಲ್ಲಿ ಎಡೆ ಇಟ್ಟ ಮೇಲೆ, ನೀನು ಒಬ್ಬನೇ ಕೊಟ್ಟಿಗೆಗೆ ಹೋಗಿ ಪಕ್ಕದ ಗದ್ದೆಯ ಸಿದ್ದರಾಜುವಿಗೆ ಇನ್ನೊಂದು ಎಲೆ ಹಾಕುತ್ತಿದ್ದೆ. ಮುದ್ದೆ, ಮಾಂಸ, ಒಂದು ಕಟ್ಟು ಬೀಡಿ. ಅವನು ನಮಗೆ ನೆಂಟನಲ್ಲ. ಕೆರೆ ನೀರಿನ ಸರದಿಗೆ ನಿನ್ನೊಡನೆ ಜಗಳವಾಡಿದ ದಿನವೇ ತೂಬಿನ ಹತ್ತಿರ ಕಾಲುಜಾರಿ ಬಿದ್ದು ಸತ್ತನೆಂದು ನೀನೇ ಹೇಳಿದ್ದೆ. ಜಗಳವಾಡಿದವನಿಗೂ ಎಡೆ ಇಡುವಂಥ ಅಪ್ಪ ಇನ್ಯಾರಿಗಿದ್ದಾನೆ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ಎಡೆ ಇಟ್ಟ ದಿನದ ಅಡುಗೆಯನ್ನು ಅವ್ವ ನನ್ನ ಕೈಲಿ ಸಿದ್ದರಾಜುವಿನ ಹೆಂಡತಿ ದ್ಯಾವಮ್ಮನಿಗೆ ಕಳಿಸಿದರೆ, ಆಕೆ ನನ್ನ ಕಣ್ಣೆದುರೇ ಅದನ್ನು ನಾಯಿಗೆ ಸುರಿಯುತ್ತಿದ್ದಳು. ಎಷ್ಟು ಕೊಬ್ಬು ಎಂದುಕೊಂಡಿದ್ದೆ.

ಅಪ್ಪ, ಸಿದ್ದರಾಜುವಿಗೆ ನೀನು ಯಾಕೆ ಎಡೆ ಇಡುತ್ತಿದ್ದೆ? ರಂಗಸ್ವಾಮಿಯ ಕೈಲಿ ಬರೆಸಬೇಡ. ನೀನೇ ಬರೆ.