ದಿಂಡು ತೆಗೆಯುವ ಜಾಗ

ಹಿಮದಂಚೂರು, ದಕ್ಷಿಣ ಧ್ರುವಖಂಡದ ಕರಾವಳಿ
ಫೆಬ್ರವರಿ ನಲವತ್ತೊಂದು, 2613

ಹಿಂದಿನ ಕಾಲದ ಹಿರಿಯರಿಗೆ ಕೇತಲೆಯ ನಮಸ್ಕಾರ. ತಿಂಗಳಿಗೆ ನಲವತ್ತೊಂದನೆಯ ದಿನ ಎಲ್ಲಿಂದ ಬಂತೆಂದು ಗಾಬರಿಯಾಗಬೇಡಿ. ಚಳಿಗಾಲದ ಕತ್ತಲಿಗೆ ಸೂರ್ಯ ಪೂರ್ತಿ ಮುಳುಗುವವರೆಗೂ ನಮ್ಮಲ್ಲಿ ಫೆಬ್ರವರಿ ಮುಗಿಯುವುದಿಲ್ಲ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಮಂಜುಗಡ್ಡೆಯನ್ನು ತಳದವರೆಗೆ ಕೊರೆದು ಹೊರತೆಗೆಯುವ ಉದ್ದನೆಯ ತುಂಡಿಗೆ ನಾವು ದಿಂಡು ಎನ್ನುತ್ತೇವೆ. ಬಾಳೆಯನ್ನು ಇಲ್ಲಿ ಯಾರೂ ಕಂಡಿಲ್ಲ, ಹೆಸರು ಮಾತ್ರ ಉಳಿದಿದೆ.

ನಮ್ಮ ಊರಿರುವುದು ಮಂಜಿನ ಬುಡದಲ್ಲಿ. ಹಿಂದೊಂದು ಬಿಸಿಯುಗದಲ್ಲಿ ಈ ಅಂಚಿನ ಮಂಜೆಲ್ಲ ಜಾರಿ ಸಮುದ್ರ ಸೇರಿತ್ತೇ ಎಂಬುದು ನಮ್ಮ ಪ್ರಶ್ನೆ. ಸೇರಿತ್ತೆಂದಾದರೆ ಈಗಲೂ ಸೇರೀತು, ಊರು ಖಾಲಿ ಮಾಡಬೇಕು. ಉತ್ತರವಿರುವುದು ಒಳನಾಡಿನ ಮಂಜಿನ ತಳದ ಹಳೆಯ ಪದರಗಳಲ್ಲಿ. ಕೊರೆಯುವ ಯಂತ್ರ ಒಂದೇ ಉಳಿದಿದೆ, ಅದೂ ಒಂದೇ ಸಲಕ್ಕೆ ಆದೀತು.

ಊರ ಯಜಮಾನ ಬೂತುಗಯ್ಯನವರು ತೋರಿಸುವುದು ತಗ್ಗಿನ ಜಾಗವನ್ನು. ಅಲ್ಲಿ ಮಂಜು ಎಲ್ಲೆಡೆಗಿಂತ ದಪ್ಪ. "ದಪ್ಪ ಇದ್ದಲ್ಲಿ ಹಳೇದು ಇದ್ದೇ ಇರ್ತದೆ ಕಣಮ್ಮ, ಇನ್ನೇನ್ ಬೇಕು ನಿಂಗೆ?" ಎಂದು ಸಭೆಯಲ್ಲಿ ನಕ್ಕರು. ಬೆಳ್ಳಗಿರುವುದೆಲ್ಲ ಹಾಲಲ್ಲ. ಅತಿ ದಪ್ಪ ಮಂಜು ಕೌದಿ ಹೊದಿಸಿದಂತೆ ನೆಲದ ಶಾಖವನ್ನು ಹಿಡಿದಿಟ್ಟು ತಳವನ್ನು ಕರಗಿಸುತ್ತದೆ. ಹಳೆಯ ಪದರಗಳೇ ನೀರಾಗಿ ಹರಿದುಹೋಗಿರುತ್ತವೆ. ಇದು ಬೂತುಗಯ್ಯನವರಿಗೆ ಗೊತ್ತಿಲ್ಲವೇ? ನನಗೆ ಈ ಪಾಠ ಕಲಿಸಿದವರೇ ಅವರು.

ಪಕ್ಕದ ದಿಬ್ಬದಲ್ಲಿ ಮಂಜು ತೆಳು, ತಳ ಇನ್ನೂ ಕಲ್ಲಿನಂತೆ ಹೆಪ್ಪುಗಟ್ಟಿದೆ. ಅಲ್ಲಿ ಕೊರೆಯೋಣ ಎಂದೆ. ಎಲ್ಲರೂ ಕಲ್ಲುಹೂವಿನ ಸಾರನ್ನು ಮತ್ತೊಮ್ಮೆ ಬಡಿಸಿಕೊಂಡು, ತಗ್ಗಿಗೆ ಯಂತ್ರ ಸಾಗಿಸುವ ಮಾತಿಗೆ ಹೊರಳಿದರು. ಆಗ ನನ್ನ ಅನುಮಾನ ಬಲಿಯಿತು. ಇವರಿಗೆ ಬೇಕಿರುವುದು ಉತ್ತರವಲ್ಲ, ಉತ್ತರ ಸಿಗದ ಜಾಗ. ಕೊರೆದು ನೋಡಿದೆವು, ಅಪಾಯದ ಗುರುತೇನೂ ಕಾಣಲಿಲ್ಲ ಎಂದು ಹೇಳಿ ಎಲ್ಲರೂ ಇಲ್ಲೇ ಉಳಿಯಬಹುದಲ್ಲ! ಊರು ಎದ್ದರೆ ಯಜಮಾನಿಕೆಯೂ ಎದ್ದುಹೋಗುತ್ತದೆ.

ನಿಮ್ಮ ಮೇಲೂ ನನಗೆ ಗುಮಾನಿಯಿದೆ. ತಗ್ಗಿನ ತಳ ಹೆಪ್ಪುಗಟ್ಟಿದೆ ಎಂದು ಬರೆದಿರುವ ನಿಮ್ಮ ಕಾಲದ ನಕ್ಷೆಯನ್ನೇ ಅವರು ಸಾಕ್ಷಿಗೆ ತರುತ್ತಾರೆ. ಅಳೆದು ಬರೆದಿರೋ, ವಿಮಾನ ಇಳಿಸಲು ಸುಲಭವೆಂದು ಬರೆದಿರೋ? ದಮ್ಮಯ್ಯ, ಇನ್ನು ಮುಂದೆ ಯಾರಾದರೂ ಜಾಗ ತೋರಿಸಿದರೆ, ಅಲ್ಲಿ ಏನು ಸಿಗದಿದ್ದರೆ ಅವರಿಗೆ ಸಮಾಧಾನ ಎಂದು ಮೊದಲು ವಿಚಾರಿಸಿ.

ನಾಳೆ ಕೈಯೆತ್ತುವ ಸಭೆ. ಗೆಲ್ಲುವುದು ತಗ್ಗೇ. ನನ್ನ ಮಗಳು ಸುಗ್ಗಲೆ ಚೊಚ್ಚಲ ಹೆರಿಗೆಗೆ ಸಮುದ್ರದಾಚೆಯ ಗಂಡನ ಮನೆಯಿಂದ ತವರಿಗೆ ಹೊರಡಲಿದ್ದಾಳೆ. ನನಗೆ ಹೆದರಿಕೆಯಾಯಿತು. ಬರಬೇಡ ಎಂದು ಹೇಳಿಕಳಿಸಲು ಇವತ್ತು ದೋಣಿಕಟ್ಟೆಗೆ ಹೋದರೆ, ಹೊರಡಲಿದ್ದ ದೋಣಿಯಲ್ಲಿ ಬೂತುಗಯ್ಯನವರ ಸೊಸೆಯೂ ಮೊಮ್ಮಕ್ಕಳೂ ಗಂಟುಮೂಟೆ ಸಮೇತ ಕುಳಿತಿದ್ದರು.